ಪ್ಯಾರಿಸ್ಸಿನ ನೀರಿಗೆ ಕೈಮುಗಿಯುತ್ತೇನೆ, ಹಾರೆಗಲ್ಲ

ಪ್ಯಾರಿಸ್ಸಿನಲ್ಲಿ ನಾನಿರುವ ಬೀದಿಯಲ್ಲಿ ಬೆಳಗ್ಗೆ ಏಳರ ಹೊತ್ತಿಗೆ ಒಂದು ಕೆಲಸ ನಡೆಯುತ್ತದೆ. ಹಸಿರು ಅಂಗಿಯ ಪೌರಕಾರ್ಮಿಕರೊಬ್ಬರು ಬಂದು ಪಾದಚಾರಿ ಮಾರ್ಗದ ಅಂಚಿನಲ್ಲಿರುವ ಒಂದು ನೀರಿನ ಬಾಯಿಗೆ ಕೀಲಿ ಹಾಕಿ ತಿರುಗಿಸುತ್ತಾರೆ. ನೀರು ಬುಳುಬುಳು ಉಕ್ಕಿ ರಸ್ತೆಯಂಚಿನ ಕಾಲುವೆಗೆ ಇಳಿಯುತ್ತದೆ. ಅಲ್ಲೇ ಹಳೆಯ ಜಮಖಾನೆಯ ತುಂಡೊಂದನ್ನು ಸುರುಳಿ ಸುತ್ತಿ ಹಗ್ಗದಲ್ಲಿ ಬಿಗಿದು ಇಟ್ಟಿರುತ್ತಾರೆ. ಅದನ್ನು ಕಾಲಿನಿಂದ ಒಂದಿಷ್ಟು ಸರಿಸಿದರೆ ನೀರು ಆ ಕಡೆಯ ಬೀದಿಗೆ ಹೋಗುತ್ತದೆ, ಹಿಂದಕ್ಕೆ ಎಳೆದರೆ ಈ ಕಡೆಗೆ ಬರುತ್ತದೆ. ತೋಟಕ್ಕೆ ನೀರು ಕಟ್ಟುವಾಗ ಅಪ್ಪ ಸನಿಕೆಯಲ್ಲಿ ಮಡೆ ತಿರುಗಿಸುತ್ತಿದ್ದುದು ನೆನಪಾಗಿ, ಬಂದ ಹೊಸದರಲ್ಲಿ ನಾನು ಕೆಲಸಕ್ಕೆ ತಡವಾದರೂ ನಿಂತು ನೋಡುತ್ತಿದ್ದೆ. ಆಮೇಲೆ ತಿಳಿಯಿತು, ಅದು ಕುಡಿಯುವ ನೀರಲ್ಲ. ಬೀದಿ ತೊಳೆಯಲು, ಉದ್ಯಾನಗಳಿಗೆ ಹಾಯಿಸಲು ಈ ಊರಿನಲ್ಲಿ ಬೇರೆಯದೇ ಒಂದು ಕೊಳವೆ ಜಾಲವಿದೆ. ಎರಡು ಬಗೆಯ ನೀರಿಗೆ ಎರಡು ಬಗೆಯ ಕೊಳವೆ ಎಂಬ ಏರ್ಪಾಡು ಬೇರೂರಿದ್ದು ಇಂದಿಗೆ ಸುಮಾರು 160 ವರ್ಷಗಳ ಹಿಂದೆ.

ಹೋದ ಬೇಸಿಗೆಯಲ್ಲಿ ಅಕ್ಕ ಮತ್ತು ಭಾವ ಬಂದಿದ್ದರು. ಭಾವ ಮೂವತ್ತು ವರ್ಷ ರಸ್ತೆ, ಸೇತುವೆ ಕಟ್ಟಿಸಿ ನಿವೃತ್ತರಾದ ಇಂಜಿನಿಯರು. ಒಪೇರಾ ಎಂಬ ಸಂಗೀತನಾಟಕ ಮಂದಿರದ ಮುಂದಿನ ಅಗಲವಾದ ರಸ್ತೆಯಲ್ಲಿ ನಿಂತು, ಎರಡೂ ಬದಿಯಲ್ಲಿ ಗೆರೆ ಎಳೆದಂತೆ ನಿಂತ ಕಟ್ಟಡಗಳನ್ನು ಬಹಳ ಹೊತ್ತು ನೋಡಿ ಹೇಳಿದರು: "ನೋಡಮ್ಮ, ನಮ್ಮ ಬೆಂಗಳೂರಿಗೂ ಇಂಥ ಒಬ್ಬ ಗಟ್ಟಿ ಮನುಷ್ಯ ಬರಬೇಕು. ಯಾರ ಮುಲಾಜಿಗೂ ಬೀಳದೆ ಒಡೆದು ಕಟ್ಟಬೇಕು. ಒಡೆಯದೆ ಇಂಥ ಊರು ಆಗುತ್ತದೆಯೇ?"

ಭಾವ ಸಜ್ಜನರು. ಬಡವರ ಮೇಲೆ ಸಿಟ್ಟಿರುವವರಲ್ಲ. ಅದಕ್ಕೇ ಆ ಮಾತು ನನ್ನನ್ನು ಬಿಡದೆ ಕಾಡಿತು. ಇಲ್ಲಿಗೆ ಬರುವ ನಮ್ಮವರಲ್ಲಿ ಹತ್ತಕ್ಕೆ ಎಂಟು ಜನ ಇದನ್ನೇ ಹೇಳಿ ಹೋಗುತ್ತಾರೆ. ಅವರೆಲ್ಲ ನೆನೆಯುವ ಆ ಗಟ್ಟಿ ಮನುಷ್ಯ ಜಾರ್ಜ್ ಯುಜೀನ್ ಓಸ್ಮಾನ್, ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಿಸ್ಸನ್ನು ಒಡೆದು ಕಟ್ಟಿಸಿದ ಅಧಿಕಾರಿ. ನಮ್ಮ ಪತ್ರಿಕೆಗಳಲ್ಲಿ ಹೌಸ್‌ಮನ್ ಎಂದು ಅಚ್ಚಾಗುತ್ತದೆ, ಫ್ರೆಂಚರ ಬಾಯಲ್ಲಿ ಓಸ್ಮಾನ್. ಅವನ ಕೆಲಸದಲ್ಲಿ ನಾನು ಪ್ರತಿದಿನ ಕೃತಜ್ಞತೆಯಿಂದ ನೆನೆಯುವ ಭಾಗವೊಂದಿದೆ, ಎಂದೂ ಒಪ್ಪಲಾಗದ ಭಾಗವೊಂದಿದೆ. ಒಂದು ಬೇಕಾದರೆ ಇನ್ನೊಂದನ್ನೂ ನುಂಗಲೇಬೇಕು ಎಂಬ ಮಾತು ಸುಳ್ಳು ಎಂದು ನನಗೆ ಅನ್ನಿಸಿದೆ. ಅದನ್ನು ಬರೆಯಲು ಕೂತಿದ್ದೇನೆ.

ಮೊದಲು ಹಳೆಯ ಪ್ಯಾರಿಸ್ಸಿನ ಮಾತು. ಓಣಿಗಳ ಆ ಊರು ಚೆಂದವಿತ್ತು, ಓಸ್ಮಾನ್ ಬಂದು ಕೆಡಿಸಿದ ಎಂದು ಹಲುಬುವವರೂ ಇಲ್ಲಿದ್ದಾರೆ. ನಾನು ಅವರ ಗುಂಪಿನವಳಲ್ಲ. 1832ರ ವಸಂತದಲ್ಲಿ ಕಾಲರಾ ಬಂದಾಗ ಪ್ಯಾರಿಸ್ ಒಂದರಲ್ಲೇ 18,000ಕ್ಕೂ ಹೆಚ್ಚು ಜನ ಸತ್ತರು. ಪ್ರಧಾನಿ ಕಾಸಿಮಿರ್ ಪೆರಿಯೆ ಕೂಡ ಅದಕ್ಕೇ ಬಲಿಯಾದ. ಹೆಚ್ಚಿನವರು ಸತ್ತದ್ದು ಊರ ನಡುವಿನ ಇಕ್ಕಟ್ಟಿನ ಕೇರಿಗಳಲ್ಲಿ. ನಗರಸಭೆಯ ಭವನದ ಹಿಂದೆ, ಸೇನ್ ನದಿಗೆ ಹತ್ತಿರ ಮೊರ್ತೆಲ್ಲೆರಿ ಎಂಬ ಬೀದಿಯಿತ್ತು. ಗಾರೆ ಕಲೆಸುವವರ ಬೀದಿ ಎಂದು ಅರ್ಥ. ಕ್ರೂಸ್ ಎಂಬ ಬಡ ಪ್ರಾಂತ್ಯದಿಂದ ವರ್ಷವರ್ಷವೂ ಕೆಲಸ ಹುಡುಕಿ ನಡೆದು ಬರುತ್ತಿದ್ದ ಗಾರೆಯವರು ಅಲ್ಲಿನ ಬಾಡಿಗೆ ಕೋಣೆಗಳಲ್ಲಿ ಒತ್ತೊತ್ತಾಗಿ ಮಲಗುತ್ತಿದ್ದರು. ಆ ಒಂದು ಬೀದಿಯಲ್ಲೇ 300ಕ್ಕೂ ಹೆಚ್ಚು ಜನ ತೀರಿಕೊಂಡರು. ಹೆಸರಿನ ಮೊದಲಿಗೇ 'ಮೋರ್', ಅಂದರೆ ಸಾವು, ಎಂದು ಕೇಳಿಸುತ್ತದೆಂದು ಬದುಕಿ ಉಳಿದವರು ಬೀದಿಯ ಹೆಸರನ್ನೇ ಬದಲಾಯಿಸಿಕೊಂಡರು. 1849ರಲ್ಲಿ ಕಾಲರಾ ಮತ್ತೆ ಬಂದು ಅಷ್ಟೇ ದೊಡ್ಡ ಸಂಖ್ಯೆಯಲ್ಲಿ ಜನರನ್ನು ಕೊಂಡುಹೋಯಿತು.

ನೀರಿನ ಕಥೆ ಇನ್ನೂ ಕಷ್ಟದ್ದು. ಮಲದ ಗುಂಡಿಯೂ ಬಾವಿಯೂ ಒಂದೇ ಅಂಗಳದಲ್ಲಿರುತ್ತಿದ್ದವು. ಬಹುಪಾಲು ಮನೆಗಳಿಗೆ ನೀರು ಹೊತ್ತು ತಂದು ಹಾಕುವವರೇ ಗತಿ. ಓವೆರ್ನ್ಯ್ ಸೀಮೆಯಿಂದ ಬಂದ ಆ ಕೂಲಿಯವರು ಹೆಗಲ ಮೇಲೆ ಅಡ್ಡೆ ಹೊತ್ತು, ಎರಡು ತುಂಬಿದ ಬಕೆಟ್ ತೂಗಿಸಿಕೊಂಡು ಐದು ಆರು ಮಹಡಿ ಹತ್ತುತ್ತಿದ್ದರು. ನೀರು ಲೆಕ್ಕದ ಪದಾರ್ಥವಾಗಿತ್ತು. ಇಂಥ ಊರನ್ನು ಇದ್ದ ಹಾಗೇ ಬಿಡಬೇಕಿತ್ತು ಎಂದು ಮನಸ್ಸಾಕ್ಷಿಯಿದ್ದವರು ಯಾರೂ ಹೇಳಲಾರರು.

1852ರ ಡಿಸೆಂಬರಿನಲ್ಲಿ ಲೂಯಿ ನೆಪೋಲಿಯನ್ ತಾನೇ ಮೂರನೆಯ ನೆಪೋಲಿಯನ್ ಎಂದು ಚಕ್ರವರ್ತಿಯಾದ. ಒಂದು ವರ್ಷದ ಹಿಂದೆ ಕ್ಷಿಪ್ರಕ್ರಾಂತಿ ಮಾಡಿ ಗಣರಾಜ್ಯವನ್ನು ಮುರಿದವನು ಅವನೇ. ಲಂಡನ್ನಿನ ಉದ್ಯಾನಗಳನ್ನು, ಅಗಲ ಬೀದಿಗಳನ್ನು ಕಂಡು ಬಂದಿದ್ದ ಅವನ ಬಳಿ ಪ್ಯಾರಿಸ್ಸಿನ ನಕ್ಷೆಯೊಂದಿತ್ತು. ಎಲ್ಲೆಲ್ಲಿ ಹೊಸ ರಸ್ತೆ ಕೊರೆಯಬೇಕೆಂದು ಅದರ ಮೇಲೆ ಬಣ್ಣದ ಪೆನ್ಸಿಲ್ಲಿನಲ್ಲಿ ಗೆರೆ ಹಾಕಿದ್ದ. ಆಗಿನ ಪ್ರಿಫೆಕ್ಟ್, ಅಂದರೆ ನಮ್ಮ ಜಿಲ್ಲಾಧಿಕಾರಿಯಂಥ ಅಧಿಕಾರಿ, ಇಷ್ಟು ಸಾಲ ಎತ್ತಲು ಒಪ್ಪಲಿಲ್ಲ. ಅವನನ್ನು ಕಳಿಸಿ 1853ರ ಜೂನ್‌ನಲ್ಲಿ ಬೋರ್ಡೋದಿಂದ ಓಸ್ಮಾನ್‌ನನ್ನು ಕರೆತಂದರು. ಮುಂದಿನ ಹದಿನಾರೂವರೆ ವರ್ಷ ಊರು ಅವನ ಕೈಯಲ್ಲಿತ್ತು. ಈ ಊರಿಗೆ ಆ ಕಾಲದಲ್ಲಿ ಚುನಾಯಿತ ಮೇಯರ್ ಇರಲಿಲ್ಲ, ನಗರ ಸಮಿತಿಯ ಸದಸ್ಯರನ್ನೂ ಸರಕಾರವೇ ನೇಮಿಸುತ್ತಿತ್ತು. ಮುಲಾಜು ನೋಡದ ಗಟ್ಟಿ ಮನುಷ್ಯ ಎಂದು ಹೊಗಳುವಾಗ ಇದನ್ನು ಮರೆಯಬಾರದು. ಅವನನ್ನು ತಡೆದು ಕೇಳುವ ಹಕ್ಕು ಆ ಊರಿನಲ್ಲಿ ಬದುಕುವವರಿಗೆ ಇರಲೇ ಇಲ್ಲ.

ರಿವೋಲಿ ಬೀದಿಯನ್ನು ಪೂರ್ವಕ್ಕೆ ಚಾಚಿದರು. ಉತ್ತರದಿಂದ ದಕ್ಷಿಣಕ್ಕೆ ಸೆಬಾಸ್ಟೊಪೋಲ್, ನದಿ ದಾಟಿದರೆ ಸೇಂಟ್ ಮಿಷೆಲ್ ಬೂಲೆವಾರ್, ಅಂದರೆ ಸಾಲುಮರಗಳ ಅಗಲ ರಸ್ತೆ. ವಿಜಯ ಕಮಾನಿನ ಸುತ್ತ ಹನ್ನೆರಡು ರಸ್ತೆಗಳ ನಕ್ಷತ್ರ. 1860ರ ಜನವರಿ 1ರಂದು ಸುತ್ತಲಿನ ಹಳ್ಳಿ, ಪೇಟೆಗಳನ್ನು ಸೇರಿಸಿಕೊಂಡು ಹನ್ನೆರಡಿದ್ದ ವಾರ್ಡುಗಳು ಇಪ್ಪತ್ತಾದವು. ಭಾವ ನಿಂತು ಮೆಚ್ಚಿದ ಒಪೇರಾ ರಸ್ತೆಯ ಯೋಜನೆ ಓಸ್ಮಾನ್‌ನದು, ಆದರೆ ಅದು ಮುಗಿಯುವ ಹೊತ್ತಿಗೆ ಅವನು ಅಧಿಕಾರ ಬಿಟ್ಟು ಹತ್ತು ವರ್ಷವಾಗುತ್ತ ಬಂದಿತ್ತು.

ನನಗೆ ಹೆಚ್ಚು ಹೇಳಬೇಕಾಗಿರುವುದು ನೆಲದ ಕೆಳಗಿನ ಕೆಲಸದ ಬಗ್ಗೆ. ಯುಜೀನ್ ಬೆಲ್‌ಗ್ರಾಂ ಎಂಬ ಇಂಜಿನಿಯರನನ್ನು ಓಸ್ಮಾನ್ ಹುಡುಕಿ ತಂದ. ಸೇನ್ ನದಿಯ ಕೊಳಕು ನೀರನ್ನೇ ಪಂಪಿನಿಂದ ಎತ್ತಿ ಕುಡಿಸಿದರೆ ಸಾಕು ಎನ್ನುವವರು ಆಗ ಬಹಳ ಮಂದಿ ಇದ್ದರು. ಬೆಲ್‌ಗ್ರಾಂ ಒಪ್ಪಲಿಲ್ಲ. ದೂರದ ಬೆಟ್ಟದ ಒರತೆಗಳಿಂದಲೇ ಶುದ್ಧ ನೀರು ತರಬೇಕು, ಅದೂ ತನ್ನ ಭಾರಕ್ಕೆ ತಾನೇ ಹರಿದು ಬರಬೇಕು ಎಂದು ಹಟ ಹಿಡಿದ. ದ್ಯುಯಿಸ್ ಎಂಬ ಹೊಳೆಯ ಮೂಲದಿಂದ ಸುಮಾರು 131 ಕಿಲೋಮೀಟರ್ ಕಾಲುವೆ ಹರಿದು 1865ರಲ್ಲಿ ನೀರು ಪೂರ್ವದ ಮೆನಿಲ್‌ಮೊಂತಾ ದಿಣ್ಣೆಯ ಮೇಲಿನ ಜಲಾಶಯಕ್ಕೆ ಬಂತು. ಎತ್ತರದ ಕೇರಿಗಳಿಗೂ ನೀರು ಏರಬೇಕೆಂದೇ ಅಷ್ಟು ಮೇಲೆ ತಂದದ್ದು. ವಾನ್ ಹೊಳೆಯ ಕಡೆಯ ನೀರು 1874ರಲ್ಲಿ ತಲುಪಿತು. ಬೀದಿ ತೊಳೆಯುವುದಕ್ಕೆ ಊರ್ಕ್ ಕಾಲುವೆಯದ್ದು, ನದಿಯದ್ದು ಬೇರೆ ಕೊಳವೆಯಲ್ಲಿ. ಒಳಚರಂಡಿ 1870ರ ಹೊತ್ತಿಗೆ 500 ಕಿಲೋಮೀಟರ್ ಮೀರಿತು. ಆಳು ನಿಂತು ನಡೆಯುವಷ್ಟು ಎತ್ತರದ ಸುರಂಗಗಳು ಅವು. ನೀರಿನ ಕೊಳವೆಗಳೂ ಅವುಗಳ ಗೋಡೆಗೇ ಜೋತುಕೊಂಡಿವೆ, ಆದ್ದರಿಂದ ಕೊಳವೆ ಸೋರಿದಾಗಲೆಲ್ಲ ರಸ್ತೆ ಅಗೆಯಬೇಕಿಲ್ಲ. ಮೇಲಿನ ಬೀದಿಯ ಹೆಸರು ಯಾವುದೋ ಕೆಳಗಿನ ಸುರಂಗದ ಗೋಡೆಯ ಫಲಕದಲ್ಲೂ ಅದೇ ಹೆಸರು. ಭಾವನನ್ನು ಅಲ್ಲಿನ ವಸ್ತುಸಂಗ್ರಹಾಲಯಕ್ಕೆ ಇಳಿಸಿ ತೋರಿಸಿದಾಗ ಅವರು ಆ ಫಲಕವನ್ನು ಕೈಯಿಂದ ಸವರಿ, "ಇದು ಕೆಲಸ" ಎಂದರು. ಆ ಮಾತಿಗೆ ನನ್ನದೂ ಸಂಪೂರ್ಣ ಸಹಮತ.

ಇಲ್ಲೊಂದು ಸಂಗತಿ ಹೇಳಬೇಕು. ಓಸ್ಮಾನ್ ಇಷ್ಟು ದೊಡ್ಡ ಒಳಚರಂಡಿ ಕಟ್ಟಿಸಿದರೂ ಅದರೊಳಕ್ಕೆ ಮಲ ಹರಿಸಲು ಒಪ್ಪಲಿಲ್ಲ. ಅದು ಮಳೆನೀರಿಗೆ, ಬೀದಿಯ ನೀರಿಗೆ, ಬಚ್ಚಲ ನೀರಿಗೆ ಮಾತ್ರ. ಗುಂಡಿ ಬರಿದು ಮಾಡುವವರು ಅವನ ಬೂಲೆವಾರುಗಳಲ್ಲೂ ರಾತ್ರಿ ಗಾಡಿ ಹೊಡೆಯುತ್ತಲೇ ಇದ್ದರು. ಪ್ರತಿ ಮನೆಯ ಶೌಚವೂ ಒಳಚರಂಡಿಗೆ ಸೇರಲೇಬೇಕೆಂಬ ಕಾನೂನು ಬಂದದ್ದು 1894ರಲ್ಲಿ, ಗಣರಾಜ್ಯದ ಕಾಲದಲ್ಲಿ. ಅದಕ್ಕೂ ಮೊದಲು 1884ರಲ್ಲಿ, 1892ರಲ್ಲಿ ಕಾಲರಾ ಈ ಊರಿಗೆ ಮತ್ತೆ ಬಂದಿತ್ತು, ಬೂಲೆವಾರುಗಳೆಲ್ಲ ಎದ್ದು ನಿಂತ ಮೇಲೂ. ಊರನ್ನು ರೋಗದಿಂದ ಕಾಪಾಡಿದ್ದು ರಸ್ತೆಯ ಅಗಲವಲ್ಲ. ನೀರು ಮತ್ತು ಕೊಳವೆ, ಅದೂ ಹಂತ ಹಂತವಾಗಿ.

ಇನ್ನು ಒಡೆದ ಮಾತು. ನದಿಯ ನಡುವಿನ ಸಿತೆ ದ್ವೀಪದಲ್ಲಿ, ನೊತ್ರ್ ದಾಮ್ ಚರ್ಚಿನ ಸುತ್ತ, ಸುಮಾರು 15,000 ಜನ ಬದುಕುತ್ತಿದ್ದರು. ಓಸ್ಮಾನ್‌ನ ಕೆಲಸ ಮುಗಿಯುವಷ್ಟರಲ್ಲಿ ಉಳಿದವರು ಸುಮಾರು 5,000. ಮನೆಗಳಿದ್ದ ಕಡೆ ಸೈನಿಕರ ಬ್ಯಾರಕ್ಕು, ವಾಣಿಜ್ಯ ನ್ಯಾಯಾಲಯ, ದೊಡ್ಡ ಆಸ್ಪತ್ರೆ, ಚರ್ಚಿನ ಮುಂದೆ ಅಗಾಧ ಬಯಲು. ಇವತ್ತು ಆ ಬಯಲಿನಲ್ಲಿ ಲಕ್ಷಗಟ್ಟಲೆ ಪ್ರವಾಸಿಗರು ಫೋಟೊ ತೆಗೆಸಿಕೊಳ್ಳುತ್ತಾರೆ. ನಾನೂ ಮೊದಲ ವರ್ಷ ತೆಗೆಸಿಕೊಂಡಿದ್ದೆ, ಅಮ್ಮನಿಗೆ ಕಳಿಸಿದ್ದೆ. ಕಾಲ ಕೆಳಗೆ ಒಂದು ಇಡೀ ಕೇರಿ ಇತ್ತೆಂದು ತಿಳಿದ ದಿನ ಆ ಫೋಟೊ ನೋಡಲು ಕಷ್ಟವಾಯಿತು.

ಮನೆಯ ಮಾಲೀಕನಿಗೆ ಪರಿಹಾರವಿತ್ತು, ಧಾರಾಳವಾಗಿಯೇ ಇತ್ತು. ಪರಿಹಾರದ ಮೊತ್ತ ನಿಗದಿ ಮಾಡುವ ಜ್ಯೂರಿಯಲ್ಲಿ ಆಸ್ತಿವಂತರೇ ಕೂರುತ್ತಿದ್ದರು, ತಮ್ಮಂಥವರ ಕೈ ಬಿಡುತ್ತಿರಲಿಲ್ಲ. ಗುತ್ತಿಗೆ ಪತ್ರವಿದ್ದ ಅಂಗಡಿಯವನಿಗೂ ಏನೋ ಸಿಗುತ್ತಿತ್ತು. ಕೋಣೆಯ ಬಾಡಿಗೆ ಕಟ್ಟಿಕೊಂಡು ಬದುಕುತ್ತಿದ್ದ ಹೊಲಿಗೆಯವಳಿಗೆ, ಗಾರೆಯವನಿಗೆ, ನೀರು ಹೊರುವವನಿಗೆ ಸಿಕ್ಕಿದ್ದು ಜಾಗ ಖಾಲಿ ಮಾಡುವ ಸೂಚನೆ ಮಾತ್ರ. 1852ರ ಮಾರ್ಚಿನ ಆದೇಶದ ಪ್ರಕಾರ ರಸ್ತೆಗೆ ಬೇಕಾದಷ್ಟೇ ಅಲ್ಲ, ಪಕ್ಕದಲ್ಲಿ ಉಳಿಯುವ ತುಂಡು ಜಾಗವನ್ನೂ ಸರಕಾರ ವಶಪಡಿಸಿಕೊಳ್ಳಬಹುದಿತ್ತು. ಆ ಜಾಗದ ಬೆಲೆ ರಸ್ತೆ ಬಂದ ಮೇಲೆ ಏರುತ್ತಿತ್ತು, ಆ ಲಾಭ ನಗರಕ್ಕೆ ಬರಲಿ ಎಂಬುದು ಓಸ್ಮಾನ್‌ನ ಲೆಕ್ಕ. 1858ರ ಕೊನೆಯಲ್ಲಿ ಅದೂ ಕೈತಪ್ಪಿತು, ರಸ್ತೆಗೆ ಬೇಡವಾದ ಜಾಗ ಹಳೆಯ ಮಾಲೀಕರಿಗೇ ಮರಳತೊಡಗಿತು. ರಸ್ತೆ ಕಟ್ಟಿದ್ದು ಊರಿನ ಸಾಲದಲ್ಲಿ, ಬೆಲೆ ಏರಿದ್ದು ಮಾಲೀಕನ ನಿವೇಶನಕ್ಕೆ. ಒಟ್ಟು ಖರ್ಚು 250 ಕೋಟಿ ಫ್ರಾಂಕಿನ ಆಸುಪಾಸು. ಆ ಸಾಲ ತೀರಿಸುವ ಊರಿನ ಮುಖ್ಯ ಆದಾಯ ಯಾವುದು? ಊರಬಾಗಿಲಿನ ಸುಂಕದ ಕಟ್ಟೆ. ಒಳಗೆ ಬರುವ ದ್ರಾಕ್ಷಾರಸ, ಮಾಂಸ, ಸೌದೆ, ಕಟ್ಟಡದ ಸಾಮಗ್ರಿ ಎಲ್ಲಕ್ಕೂ ಸುಂಕ. ಕೂಲಿಯವನ ಊಟದ ತಟ್ಟೆಯಿಂದಲೂ ಬೂಲೆವಾರಿನ ಬಡ್ಡಿ ಹೋಯಿತು ಎಂದು ನಾನು ಹೇಳಿದರೆ ಅದು ಅಲಂಕಾರದ ಮಾತಲ್ಲ.

ಎಲ್ಲಿಗೆ ಹೋದರು ಅವರೆಲ್ಲ? ಬೆಲ್‌ವಿಲ್ ದಿಣ್ಣೆಗೆ, ಮೆನಿಲ್‌ಮೊಂತಾಗೆ, ಕೋಟೆಯಾಚೆಯ ಬಯಲಿಗೆ. ಹಿಂದೆ ಪ್ಯಾರಿಸ್ಸಿನ ಎಷ್ಟೋ ಮನೆಗಳಲ್ಲಿ ಕೆಳಗೆ ಅಂಗಡಿ, ಮೊದಲ ಮಹಡಿಯಲ್ಲಿ ಶ್ರೀಮಂತ, ಮೇಲೆ ಹೋದಂತೆ ಗುಮಾಸ್ತ, ತುತ್ತತುದಿಯಲ್ಲಿ ಬಡವ. ಒಂದೇ ಮೆಟ್ಟಿಲಿನಲ್ಲಿ ಎಲ್ಲರೂ ಎದುರಾಗುತ್ತಿದ್ದರು. ಈಗ ಪಶ್ಚಿಮ ಉಳ್ಳವರದ್ದಾಯಿತು, ಪೂರ್ವ ಇಲ್ಲದವರದ್ದಾಯಿತು. ಆ ಗೆರೆ ಇಂದಿಗೂ ಪೂರ್ತಿ ಅಳಿಸಿಲ್ಲ.

ದಂಗೆಗೆ ಹೆದರಿಯೇ ರಸ್ತೆ ಅಗಲ ಮಾಡಿದರು ಎನ್ನುವವರಿದ್ದಾರೆ. ಅದೊಂದೇ ಕಾರಣವೆಂದರೆ ತಪ್ಪು. ರೈಲು ನಿಲ್ದಾಣಗಳು ಬಂದಿದ್ದವು, ಸರಕು ಸಾಗಬೇಕಿತ್ತು, ಹತ್ತು ಲಕ್ಷ ದಾಟಿದ ಊರು ನಡೆದಾಡಬೇಕಿತ್ತು. ಆದರೆ ಅದು ಕಾರಣವೇ ಅಲ್ಲವೆಂದರೂ ತಪ್ಪು. ಸೆಬಾಸ್ಟೊಪೋಲ್ ರಸ್ತೆ ದಂಗೆಗಳ ಕೇರಿಯ ಹೊಟ್ಟೆಯನ್ನೇ ಸೀಳಿತೆಂದು ಓಸ್ಮಾನ್ ತಾನೇ ಬರೆದಿಟ್ಟಿದ್ದಾನೆ. ಸೇಂಟ್ ಮಾರ್ತಿನ್ ಕಾಲುವೆ ಪೂರ್ವದ ಕೂಲಿಕಾರರಿಗೆ ಕಂದಕದಂತೆ ಆಸರೆಯಾಗಿತ್ತು. ಅದನ್ನು ತಗ್ಗಿಸಿ, ಮೇಲೆ ಚಪ್ಪಡಿ ಮುಚ್ಚಿ ರಸ್ತೆ ಮಾಡಿದ. ಇಷ್ಟಾದರೂ 1871ರ ಕಮ್ಯೂನಿನಲ್ಲಿ, ಅಂದರೆ ಪ್ಯಾರಿಸ್ಸಿನವರು ಸರಕಾರದ ವಿರುದ್ಧ ಎದ್ದು ಊರನ್ನು ತಾವೇ ಆಳಿದ ದಿನಗಳಲ್ಲಿ, ಜನ ಮತ್ತೆ ಬೀದಿಬೀದಿಗೆ ಅಡ್ಡಗೋಡೆ ಕಟ್ಟಿದರು. ಕೊನೆಯವರೆಗೂ ಕಾದಾಡಿದ್ದು ಬೆಲ್‌ವಿಲ್ ಕಡೆಯವರು.

ಕೇರಿ ಒಡೆಯದೆಯೂ ನೀರು, ಕೊಳವೆ ತರಬಹುದಿತ್ತು ಎಂಬ ನನ್ನ ಮಾತಿಗೆ ಆಧಾರವೇನು ಎಂದು ಭಾವ ಕೇಳಬಹುದು. ಆಧಾರ ಈ ಊರಿನಲ್ಲೇ ಇದೆ. ಮಾರೆ ಎಂಬ ಹಳೆಯ ಭಾಗವನ್ನು ಓಸ್ಮಾನ್‌ನ ಹಾರೆ ಹೆಚ್ಚು ಮುಟ್ಟಲಿಲ್ಲ. ಅಲ್ಲಿ ಇವತ್ತಿಗೂ ಓಣಿಗಳಿವೆ, ಡೊಂಕು ಗೋಡೆಗಳಿವೆ. ಅದು ಬಹಳ ಕಾಲ ಬಡತನದಲ್ಲಿ, ಕ್ಷಯದಲ್ಲಿ ನರಳಿದ್ದೂ ಹೌದು. 1962ರಲ್ಲಿ ಸಂಸ್ಕೃತಿ ಸಚಿವ ಆಂದ್ರೆ ಮಾಲ್ರೋ ತಂದ ಕಾನೂನು ಅದನ್ನು ಕೆಡವದೆ ದುರಸ್ತಿ ಮಾಡುವ ದಾರಿ ತೆರೆಯಿತು. ಇಂದು ಆ ಓಣಿಗಳಲ್ಲಿ ಬೆಲ್‌ಗ್ರಾಂನ ನೀರು ಹರಿಯುತ್ತದೆ, ಕೆಳಗೆ ಅವನ ಒಳಚರಂಡಿ ಇದೆ, ಕಾಲರಾ ಇಲ್ಲ. ದುರಸ್ತಿಯಾದ ಮೇಲೆ ಅಲ್ಲಿಯೂ ಬಾಡಿಗೆ ಏರಿ ಬಡವರು ಉಳಿಯಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಆದರೂ ಕೊಳವೆ ಹಾಕುವುದಕ್ಕೆ ಕೇರಿಯನ್ನೇ ನೆಲಸಮ ಮಾಡಬೇಕಿರಲಿಲ್ಲ ಎಂಬುದನ್ನು ಮಾರೆ ನಿಂತು ತೋರಿಸುತ್ತದೆ.

ಇನ್ನೊಂದು ಬ್ಯುತ್ ಶೋಮೊಂ ಉದ್ಯಾನ. ಪೂರ್ವದ ಕೂಲಿಕಾರರ ಕೇರಿಗಳ ನಡುವೆ ಒಂದು ಜಿಪ್ಸಂ ಗಣಿ ಇತ್ತು, ಪಕ್ಕದಲ್ಲಿ ಮುದಿ ಕುದುರೆಗಳನ್ನು ಕೊಂದು ಚರ್ಮ ಸುಲಿಯುವ ಜಾಗ, ಕಸದ ಗುಡ್ಡೆ. ಓಸ್ಮಾನ್‌ನ ಇನ್ನೊಬ್ಬ ಇಂಜಿನಿಯರ್ ಆಲ್ಫಾಂ ಆ ಹಾಳು ಗುಂಡಿಗೆ ಮಣ್ಣು ಹೊರಿಸಿ, ಗಣಿಯ ಬಂಡೆಯನ್ನೇ ಬೆಟ್ಟ ಮಾಡಿ, ಕೆರೆ ತೋಡಿ, ಜಲಪಾತ ಹರಿಸಿ ಸುಮಾರು 25 ಹೆಕ್ಟೇರಿನ ತೋಟ ಮಾಡಿದ. 1867ರ ಏಪ್ರಿಲ್ 1ರಂದು ತೆರೆಯಿತು. ಭಾನುವಾರ ಸಂಜೆ ಅಲ್ಲಿನ ಇಳಿಜಾರು ಹುಲ್ಲಿನ ಮೇಲೆ ಎಲ್ಲ ದೇಶದ ಮಕ್ಕಳೂ ಉರುಳುತ್ತಿರುತ್ತಾರೆ. ಪ್ಯಾರಿಸ್ಸಿನಲ್ಲಿ ನನಗೆ ಅತ್ಯಂತ ಪ್ರೀತಿಯ ಜಾಗ ಅದು. ಅದನ್ನು ಕಟ್ಟಿದವರೂ ಇವರೇ, ಇದೇ ಅಧಿಕಾರ, ಇದೇ ಹಣ. ಜನರ ಕೇರಿ ಒಡೆಯದೆಯೂ ಆಗುತ್ತಿತ್ತು ಎನ್ನಲು ಇನ್ನೇನು ಬೇಕು?

ಭಾವ ಮೆಚ್ಚಿದ ಆ ಕಟ್ಟಡಗಳ ಒಳಗೂ ಒಮ್ಮೆ ಹೋಗಿ ನೋಡಬೇಕು. ತಿಳಿ ಬೆಣ್ಣೆ ಬಣ್ಣದ ಸುಣ್ಣದಕಲ್ಲು, ಎರಡನೆಯ ಮತ್ತು ಐದನೆಯ ಮಹಡಿಗೆ ಉದ್ದಕ್ಕೆ ಕಬ್ಬಿಣದ ಬಾಲ್ಕನಿ, ಮೇಲೆ ಸತುವಿನ ಇಳಿಜಾರು ಮಾಡು. ಆ ಮಾಡಿನ ಕೆಳಗಿನ ಸಾಲು ಕಿಟಕಿಗಳು ಮನೆಗೆಲಸದ ಹೆಣ್ಣುಮಕ್ಕಳ ಕೋಣೆಗಳು. ಇಲ್ಲಿಗೆ ಬಂದ ಮೊದಲ ಎರಡು ವರ್ಷ ನಾನಿದ್ದದ್ದು ಅಂಥದೊಂದರಲ್ಲಿ, ಒಂಬತ್ತು ಚದರ ಮೀಟರ್. ಮುಂಬಾಗಿಲಿನ ಅಮೃತಶಿಲೆಯ ಮೆಟ್ಟಿಲು ನಮಗಲ್ಲ. ಹಿಂದಿನ ಅಂಗಳದಿಂದ ಸುತ್ತಿ ಸುತ್ತಿ ಏರುವ ಮರದ ಮೆಟ್ಟಿಲು, ಆರು ಮಹಡಿ. ಮೆಟ್ಟಿಲಿನ ಪ್ರತಿ ಹಲಗೆಯೂ ನಡುವಿನಲ್ಲಿ ಬಟ್ಟಲಿನಂತೆ ಸವೆದಿತ್ತು. ಅಕ್ಕಿಚೀಲ ಹೊತ್ತು ಹತ್ತುವಾಗ ನನ್ನ ಕಾಲು ತಾನಾಗಿ ಆ ತಗ್ಗಿಗೇ ಬೀಳುತ್ತಿತ್ತು. ಕಲ್ಲಿದ್ದಲು, ನೀರು, ಯಜಮಾನಿಯ ಬಟ್ಟೆಗಂಟು ಹೊತ್ತ ಎಷ್ಟು ಹುಡುಗಿಯರ ಕಾಲು ಅದನ್ನು ಸವೆಸಿರಬೇಕು ಎಂದು ಮೂರನೆಯ ಮಹಡಿಯಲ್ಲಿ ಉಸಿರು ತೆಗೆದುಕೊಳ್ಳುತ್ತ ಯೋಚಿಸುತ್ತಿದ್ದೆ.

ಓಸ್ಮಾನ್ ಹುಟ್ಟಿದ ಮನೆಯೂ ಅವನ ರಸ್ತೆಗಳಿಗೇ ಹೋಯಿತು. 1870ರ ಜನವರಿಯಲ್ಲಿ, ಲೆಕ್ಕಪತ್ರದ ಗದ್ದಲ ತಡೆಯಲಾಗದೆ ಚಕ್ರವರ್ತಿಯೇ ಅವನನ್ನು ತೆಗೆದುಹಾಕಿದ. ಇದೇ ಮನುಷ್ಯ 1866ರಲ್ಲಿ ಮಾರೆಯ ಕಾರ್ನಾವಾಲೆ ಎಂಬ ಹಳೆಯ ಮಹಲನ್ನು ನಗರಕ್ಕಾಗಿ ಕೊಳ್ಳಿಸಿದ್ದ, ಪ್ಯಾರಿಸ್ಸಿನ ಇತಿಹಾಸಕ್ಕೆ ಒಂದು ವಸ್ತುಸಂಗ್ರಹಾಲಯವಿರಲಿ ಎಂದು. ಕೆಡವಲಿದ್ದ ಬೀದಿಗಳ ಚಿತ್ರ ತೆಗೆದಿಡಲು ಶಾರ್ಲ್ ಮಾರ್ವಿಲ್ ಎಂಬ ಛಾಯಾಗ್ರಾಹಕನಿಗೆ ನಗರದ ವತಿಯಿಂದಲೇ ಕೆಲಸ ಸಿಕ್ಕಿತ್ತು. ಆ ಚಿತ್ರಗಳನ್ನು ಈಗ ಮನೆಯಲ್ಲೇ ಕೂತು ಅಂತರ್ಜಾಲದಲ್ಲಿ ನೋಡಬಹುದು.

ಅಕ್ಕ, ಭಾವ ಹೊರಡುವ ಹಿಂದಿನ ರಾತ್ರಿ ಊಟವಾದ ಮೇಲೆ ಲ್ಯಾಪ್‌ಟಾಪಿನಲ್ಲಿ ಒಂದೊಂದಾಗಿ ತೋರಿಸಿದೆ. ಒದ್ದೆ ಕಲ್ಲುಹಾಸು, ಗೋಡೆಯ ಮೇಲೆ ಅಂಗಡಿಯ ಹೆಸರು, ಓಣಿಯ ನಡುವೆ ಒಂದು ಗೆರೆಯಂತೆ ಹೊಳೆಯುವ ಚರಂಡಿ. ಭಾವ ಕನ್ನಡಕ ಏರಿಸಿಕೊಂಡು ಮೊದಲು ನೋಡಿದ್ದು ಆ ಚರಂಡಿಯನ್ನೇ. ಬೆರಳಿನಲ್ಲಿ ಅದರ ಜಾಡು ಹಿಡಿದು ಕೊನೆಯವರೆಗೂ ಹೋದರು.

"ಇಳಿಜಾರು ಸರಿಯಾಗಿಯೇ ಇದೆಯಲ್ಲಮ್ಮ. ಮೇಲಿನಿಂದ ನೀರು ಬಿಟ್ಟಿದ್ದರೆ ಹರಿಯುತ್ತಿತ್ತು."

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, "ಜನರೇ ಕಾಣುವುದಿಲ್ಲವಲ್ಲ, ಅಷ್ಟು ಹೊತ್ತಿಗೆ ಖಾಲಿ ಮಾಡಿಸಿದ್ದರೇ?"

ಇಲ್ಲ ಭಾವ, ಆಗಿನ ಕ್ಯಾಮೆರಾಕ್ಕೆ ಒಂದು ಚಿತ್ರ ಹಿಡಿಯಲು ಹಲವು ಕ್ಷಣ ಬೇಕಿತ್ತು, ನಡೆದಾಡುವವರು ಅದಕ್ಕೆ ಸಿಗುತ್ತಿರಲಿಲ್ಲ ಎಂದೆ. ಅಕ್ಕ ಬಗ್ಗಿ, ಒಂದು ಬಾಗಿಲಿನ ಬಳಿ ಹೊಗೆಯಂತಿದ್ದ ಬಿಳಿ ಮಸುಕನ್ನು ತೋರಿಸಿದಳು. ಅದು ಯಾರೋ ಒಬ್ಬರು. ಹೆಂಗಸೋ ಗಂಡಸೋ ಗೊತ್ತಾಗುವುದಿಲ್ಲ. ಮನೆಯೊಳಗೆ ಹೋಗುತ್ತಿದ್ದರು.